ಹೂಳು ಸುರಿಯುವ ಮುಂಚೆ ಕಡಲಲ್ಲಿ ಏನಿತ್ತು? ಒಂದು ಬಂದರಿನ ಪ್ರಕರಣ

ಇದು ಕರ್ನಾಟಕ ಕರಾವಳಿಯ ಒಂದು ಮೀನುಗಾರಿಕಾ ಬಂದರಿನ ಕೇಸು. ಊರು, ವರ್ಷ, ಕಂಪನಿ, ಇಲಾಖೆ ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ, ಆದರೆ ನಿರ್ಧಾರಗಳು ಯಾವ ಕ್ರಮದಲ್ಲಿ ಆದವೋ ಹಾಗೇ ಇವೆ. ನಾನಿದ್ದದ್ದು ನೀರಿನ ಸ್ಯಾಂಪಲ್ ತೆಗೆದು ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುತ್ತಾ ಬೆಳಕಿನಿಂದ ಬೆಳೆಯುವ ಸೂಕ್ಷ್ಮಜೀವಿಗಳಾದ ಫೈಟೊಪ್ಲಾಂಕ್ಟನ್, ಎಣಿಸುವ ತಂಡದಲ್ಲಿ. ಇಂಥ ಕೆಲಸಕ್ಕೆ ಇಳಿಯುವವರು, ಇಂಥ ವರದಿಗೆ ಸಹಿ ಹಾಕುವವರು, 'ಬೇಸ್‌ಲೈನ್ ಸ್ಟಡಿ (ಕೆಲಸಕ್ಕೆ ಮುಂಚಿನ ಸ್ಥಿತಿಯ ಅಧ್ಯಯನ) ಆಗಿದೆ' ಅಂದ ಕೂಡಲೇ ಸುಮ್ಮನಾಗುವ ಊರಿನವರು, ಮೂವರಿಗೂ ಇದರಲ್ಲಿ ಸ್ವಲ್ಪ ಸಿಗಬಹುದು.

ಹಿನ್ನೆಲೆ

ನದಿ ಕಡಲು ಸೇರುವ ಅಳಿವೆಯ ಒಳಗೆ ಬಂದರು. ಪ್ರತಿ ಮಳೆಗಾಲದಲ್ಲಿ ನದಿ ಮಣ್ಣು ತರುತ್ತದೆ, ಅಲೆ ಮರಳು ತಳ್ಳುತ್ತದೆ, ಅಳಿವೆ ಬಾಯಿ ಕಟ್ಟಿಕೊಳ್ಳುತ್ತದೆ. ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾಗುವ ಹೊತ್ತಿಗೆ ಬೋಟುಗಳು ಇಳಿತದ ಸಮಯದಲ್ಲಿ ಒಳಗೆ ಬರಲಾಗದೆ ಹೊರಗೇ ಕಾಯಬೇಕು. ಅವಸರ ಮಾಡಿದವರ ಬೋಟು ಮರಳ ದಿಬ್ಬಕ್ಕೆ ತಾಗಿ ಮಗುಚಿದ್ದೂ ಉಂಟು. ಹಾಗಾಗಿ ಹೂಳೆತ್ತಬೇಕೋ ಬೇಡವೋ ಅನ್ನುವ ಜಗಳ ಇಲ್ಲಿರಲಿಲ್ಲ. ಎತ್ತಿದ ಹೂಳನ್ನು ಎಲ್ಲಿ ಹಾಕುವುದು ಅನ್ನುವುದಷ್ಟೇ ಪ್ರಶ್ನೆ.

ಯೋಜನೆಯಲ್ಲಿ ಇದ್ದದ್ದು ಸುಲಭದ ಉತ್ತರ. ಹಾಪರ್ ಡ್ರೆಜ್ಜರ್ ಅನ್ನುವ ಹೂಳೆತ್ತುವ ಹಡಗು ತಳದ ಮಣ್ಣನ್ನು ಹೀರಿ ಹೊಟ್ಟೆ ತುಂಬಿಕೊಂಡು ಹೊರಗೆ ಹೋಗುತ್ತದೆ, ಸುಮಾರು 20 ಮೀಟರ್ ಆಳದ ಜಾಗದಲ್ಲಿ ತಳದ ಬಾಗಿಲು ತೆರೆದು ಸುರಿದು ಬರುತ್ತದೆ. ನಕ್ಷೆಯಲ್ಲಿ ಆ ಜಾಗಕ್ಕೆ ಒಂದು ಚೌಕ ಹಾಕಿದ್ದರು. ಚೌಕದ ಒಳಗೆ ಏನಿದೆ ಅಂತ ಬರೆದುಕೊಡುವುದು ನಮ್ಮ ಕೆಲಸ.

ಕಣ್ಣಿಗೆ ಕಾಣದ ಪ್ಲವಕ ಎಣಿಸಿ ಏನು ಸಿಗುತ್ತದೆ ಅಂತ ಬಂದರಿನ ಕಚೇರಿಯಲ್ಲಿ ಮೊದಲ ದಿನವೇ ಕೇಳಿದರು. ಬೂತಾಯಿ ಮೀನು ಇದನ್ನೇ ಸೋಸಿ ತಿಂದು ಬದುಕುವುದು, ಅಂದೆವು. ಮೀನಿನ ಮಾತು ಬಂದ ಮೇಲೆ ಬೇರೆ ವಿವರಣೆ ಬೇಕಾಗಲಿಲ್ಲ.

ಹೂಳು ನೀರಿಗೆ ಬಿದ್ದಾಗ ಆಗುವುದು ಹಲವು. ನೀರು ಕದಡಿ ಬೆಳಕು ಕೆಳಗೆ ಇಳಿಯುವುದಿಲ್ಲ, ಆಗ ಪ್ಲವಕ ಬೆಳೆಯುವುದು ನಿಧಾನವಾಗುತ್ತದೆ. ಅದೇ ಹೊತ್ತಿಗೆ ಕೆಸರಿನೊಳಗೆ ಸಿಕ್ಕಿಕೊಂಡಿದ್ದ ಅಮೋನಿಯಾ, ಫಾಸ್ಫೇಟ್ ಬಿಡುಗಡೆಯಾಗುತ್ತವೆ. ಅದು ಗೊಬ್ಬರ. ನೀರು ತಿಳಿಯಾದ ಮೇಲೆ ಆ ಗೊಬ್ಬರ ತಿಂದು ಯಾವುದೋ ಒಂದು ಜಾತಿ ಒಮ್ಮೆಲೇ ಉಕ್ಕಬಹುದು. ಇನ್ನೊಂದು ವಿಷಯವನ್ನು ಜಾಸ್ತಿ ಜನ ಲೆಕ್ಕಕ್ಕೇ ಇಡುವುದಿಲ್ಲ. ಡೈನೋಫ್ಲಾಜೆಲ್ಲೇಟ್ ಅಂದರೆ ಬಾಲದಂಥ ಎಳೆ ಬೀಸಿ ಈಜುವ ಒಂಟಿಕೋಶದ ಪ್ಲವಕ. ಅವುಗಳಲ್ಲಿ ಕೆಲವು ಗಟ್ಟಿ ಕೋಶ ಕಟ್ಟಿಕೊಂಡು ತಳದ ಕೆಸರಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಹೂಳಿನ ಜೊತೆ ಅವೂ ಹೊಸ ಜಾಗಕ್ಕೆ ಹೋಗುತ್ತವೆ. ಅವುಗಳಲ್ಲಿ ವಿಷಕಾರಿ ಜಾತಿಯೂ ಇರಬಹುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. 1983ರಲ್ಲಿ ಮಂಗಳೂರಿನ ಹತ್ತಿರವೇ ಚಿಪ್ಪುಮೀನು ತಿಂದವರಿಗೆ ಪಾರ್ಶ್ವವಾಯು ತರುವ ವಿಷ ಏರಿದ್ದು ದಾಖಲಾಗಿದೆ. ಚಿಪ್ಪುಮೀನು ನೀರು ಸೋಸಿ ತಿನ್ನುವಾಗ ಪ್ಲವಕದ ವಿಷ ಅದರ ಮಾಂಸದಲ್ಲಿ ಸೇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ನಮ್ಮ ಬಂದರಿನ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮರುವಾಯಿ ಅನ್ನುವ ಚಿಪ್ಪುಮೀನು ಹೆಕ್ಕುವ ಹೆಂಗಸರು ದಿನಾ ಇರುತ್ತಿದ್ದರು.

ಕೈಗೆ ಬಂದ ಹಳೇ ವರದಿ

ಕೆಲಸ ಶುರುವಾಗುವ ಮುಂಚೆ ಇದೇ ಬಂದರಿಗೆ ಬೇರೊಬ್ಬ ಸಲಹೆಗಾರರು ಮಾಡಿದ್ದ ವರದಿ ಸಿಕ್ಕಿತು. ಅದರ ಪ್ಲವಕದ ಅಧ್ಯಾಯ ಒಂದೂವರೆ ಪುಟ. ಜನವರಿಯಲ್ಲಿ ಒಂದು ಸಲ ಹೋಗಿ ಬಂದಿದ್ದರು. ಎಲ್ಲ ಸ್ಟೇಷನ್ನಿನಲ್ಲೂ, ಅಂದರೆ ಸ್ಯಾಂಪಲ್ ತೆಗೆಯುವ ಎಲ್ಲ ಜಾಗದಲ್ಲೂ, ಅದೇ ಜಾತಿಗಳು, ಅದೇ ಕ್ರಮದಲ್ಲಿ. ಅಳಿವೆ ಒಳಗಿನ ಉಪ್ಪು ಕಡಿಮೆ ಇರುವ ನೀರಿಗೂ 20 ಮೀಟರ್ ಆಳದ ಕಡಲಿಗೂ ಒಂದೇ ಪಟ್ಟಿ ಅಂದರೆ ನಂಬುವುದು ಕಷ್ಟ, ಅಲ್ವಾ?

ಇನ್ನೊಂದು ತೊಂದರೆ ವಿಧಾನದ್ದು. ಸ್ಯಾಂಪಲ್ ತೆಗೆದದ್ದು ಪ್ಲವಕದ ಬಲೆ ಎಳೆದು. 20 ಮೈಕ್ರಾನ್ ಕಣ್ಣಿನ ಬಲೆ ದೊಡ್ಡ ಡಯಾಟಮ್‌ಗಳನ್ನು, ಅಂದರೆ ಗಾಜಿನಂಥ ಚಿಪ್ಪಿರುವ ಒಂಟಿಕೋಶದ ಪ್ಲವಕಗಳನ್ನು, ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಸಣ್ಣವು ನುಸುಳಿ ಹೋಗುತ್ತವೆ, ಕೆಲವು ಕಾಲದಲ್ಲಿ ಇರುವುದರಲ್ಲಿ ಹೆಚ್ಚಿನ ಪಾಲು ಅವೇ. ಕೆಸರು ನೀರಿನಲ್ಲಂತೂ ಬಲೆಯ ಕಣ್ಣು ಕಟ್ಟಿಕೊಂಡು ಎಷ್ಟು ನೀರು ಒಳಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಯಾವ್ಯಾವ ಜಾತಿ ಇದೆ ಅಂತ ನೋಡಲು ಬಲೆ ಸರಿ. ಲೀಟರಿಗೆ ಎಷ್ಟು ಅಂತ ಹೇಳಲು ಬಾಟಲಿಯೇ ಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ಕಾಲದ್ದು. ಹೂಳು ಸುರಿಯಲು ಯೋಚಿಸಿದ್ದು ಮಳೆಗಾಲ ಮುಗಿದ ಕೂಡಲೇ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅಳೆದದ್ದು ಜನವರಿಯಲ್ಲಿ. ನಮ್ಮ ಕಡಲಿನಲ್ಲಿ ಇವೆರಡೂ ಬೇರೆ ಬೇರೆ ಲೋಕ. ನೈರುತ್ಯ ಮುಂಗಾರಿನ ಹೊತ್ತಿಗೆ ಆಳದ ತಣ್ಣನೆಯ ನೀರು ಕರಾವಳಿಯ ಕಡೆಗೆ ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಡಿಮೆ. ಮೇಲೆ ಡಯಾಟಮ್‌ಗಳು ಉಕ್ಕುತ್ತವೆ, ಕೆಳಗೆ ನೀರು ಉಸಿರುಗಟ್ಟುತ್ತದೆ. ಗೋವಾದ ಕಾಂಡೋಲಿಂ ಎದುರು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಅಳೆಯುತ್ತಾ ಬಂದಿದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ತಳದ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಖಾಲಿಯಾಗುವುದು ಅಲ್ಲಿ ಕಂಡಿದೆ. ಅಂಥ ಹೊತ್ತಿನಲ್ಲಿ ಕೊಳೆತ ಕೆಸರನ್ನು ಅದರ ಮೇಲೆ ಸುರಿಯುವುದು ಎಂದರೇನು ಅಂತ ಜನವರಿಯ ತಿಳಿನೀರು ಹೇಳಲಾರದು.

ನಮ್ಮ ಕರಾರಿನಲ್ಲೂ ಬರೆದಿದ್ದದ್ದು 'ಒಂದು ಋತು' ಅಂತಲೇ. ಬಂದರಿನ ಎಂಜಿನಿಯರ್ ಒಳ್ಳೆಯ ಮನುಷ್ಯ, ಆದರೆ ಅವರಿಗೆ ತಲೆ ಮೇಲೆ ಗಡುವು. "ಸರ್, ಇಷ್ಟಕ್ಕಿಂತ ಜಾಸ್ತಿ ಇದ್ದರೆ ಆರೋಗ್ಯ, ಕಡಿಮೆ ಇದ್ದರೆ ತೊಂದರೆ ಅಂತ ಒಂದು ನಂಬರ್ ಕೊಡಿ, ಸಾಕು," ಅಂದರು.

ಅಂಥ ನಂಬರ್ ಇಲ್ಲ. ಪ್ಲವಕ ಒಂದು ವಾರದಲ್ಲಿ ಹತ್ತು ಪಟ್ಟು ಏರಿ ಇಳಿಯುವ ಜೀವಿ. ಡಯಾಟಮ್ ಅನುಕೂಲ ಸಿಕ್ಕರೆ ದಿನಕ್ಕೆ ಒಂದು ಸಲವೋ ಅದಕ್ಕಿಂತ ಹೆಚ್ಚೋ ಒಡೆದು ಎರಡಾಗುತ್ತದೆ. ಸುರಿಯುವ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಅಳೆದರೆ ಎರಡು ಬೇರೆ ನಂಬರ್ ಬರುವುದು ಖಂಡಿತ, ಹೂಳು ಹಾಕದಿದ್ದರೂ ಬರುತ್ತದೆ. ಹಾಗಾಗಿ ಕೇಳಬೇಕಾದದ್ದು ಬೇರೆ. ಸುರಿಯುವ ಜಾಗಕ್ಕೂ ಹೂಳು ತಾಗದ ಜಾಗಕ್ಕೂ ಮುಂಚೆ ಎಷ್ಟು ಅಂತರ ಇತ್ತು, ಆಮೇಲೆ ಆ ಅಂತರ ಬದಲಾಯಿತೇ? ಇಷ್ಟು ಒಪ್ಪಿಸಲು ಎರಡು ಮೀಟಿಂಗ್ ಬೇಕಾಯಿತು.

ಹೂಳು ತಾಗದ ಜಾಗ ಯಾವುದು?

ಪ್ರಕರಣದ ಮೊದಲ ತಿರುವು ಇದು. ನಮ್ಮ ಮೊದಲ ನಕ್ಷೆಯಲ್ಲಿ ಹೋಲಿಕೆಯ ಸ್ಟೇಷನ್ ದಕ್ಷಿಣಕ್ಕೆ ಮಾತ್ರ ಇತ್ತು, ಏಕೆಂದರೆ ಉತ್ತರದಲ್ಲಿ ಇನ್ನೊಂದು ನದಿಯ ಬಾಯಿ ಇದೆ. ನಕ್ಷೆಯನ್ನು ಬಾಡಿಗೆ ಬೋಟಿನ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ತೋರಿಸಿದೆವು. ಡೀಸೆಲ್ ಲೆಕ್ಕ ಹಾಕಲಿ ಅಂತ ತೋರಿಸಿದ್ದೇ ಹೊರತು ಸಲಹೆಗಲ್ಲ. ಅವರು ನೋಡಿ ಹೇಳಿದ್ದು: "ದೀಪಾವಳಿ ಕಳೆದ ಮೇಲೆ ನೀರು ಬಡಗು ಕಡೆ ಎಳೀತದೆ. ಅಲ್ಲಿವರೆಗೆ ತೆಂಕಿಗೇ ಮಾರಾಯ್ರೆ. ಸೆಪ್ಟೆಂಬರಲ್ಲಿ ಇಲ್ಲಿ ಕೆಸರು ಹಾಕಿದ್ರೆ ನಿಮ್ಮ ಈ ಚುಕ್ಕೆ ಮೇಲೇ ಬರ್ತದೆ."

ಪುಸ್ತಕದಲ್ಲೂ ಅದೇ ಇದೆ. ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ, ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರಕ್ಕೆ ಹರಿಯುತ್ತದೆ. ಆದರೆ ಟೆಂಡರಿನಲ್ಲಿ 'ಕಂಟ್ರೋಲ್ ಸ್ಟೇಷನ್: 1' ಅಂತ ಇದ್ದರೆ ಪುಸ್ತಕ ಯಾರಿಗೆ ನೆನಪಾಗುತ್ತದೆ? ಎರಡೂ ಕಡೆ ಹೋಲಿಕೆಯ ಸ್ಟೇಷನ್ ಬೇಕು ಅಂತ ತೀರ್ಮಾನವಾಯಿತು. ಬಂದರಿಗೆ ಖರ್ಚು ಹೆಚ್ಚಾಯಿತು. ಅದನ್ನು ಸರಿದೂಗಿಸಲು ಅಳಿವೆಯ ಒಳಗೆ ಒಂದಕ್ಕೊಂದು ಅಂಟಿಕೊಂಡಿದ್ದ ಸ್ಟೇಷನ್‌ಗಳಲ್ಲಿ ಅರ್ಧ ಕೈಬಿಟ್ಟೆವು. ಕೈಬಿಟ್ಟದ್ದರಿಂದ ಏನೂ ನಷ್ಟ ಆಗಲಿಲ್ಲ.

ಇನ್ನು ಕಾಲ. ಇಲ್ಲಿ ಗೆದ್ದದ್ದು ನಮ್ಮ ವಾದವಲ್ಲ. ಡ್ರೆಜ್ಜಿಂಗಿನ ಟೆಂಡರ್ ಅನ್ನೇ ಬೇರೆ ಕಾರಣಕ್ಕೆ ಮರಳಿ ಕರೆಯಬೇಕಾಯಿತು, ಕೆಲಸ ಒಂದು ವರ್ಷ ಮುಂದೆ ಹೋಯಿತು. ನಮಗೆ ಪುಕ್ಕಟೆಯಾಗಿ ಒಂದು ಪೂರ್ತಿ ವರ್ಷ ಸಿಕ್ಕಿತು. ಬಹಳ ಯೋಜನೆಗಳಲ್ಲಿ ಈ ಅದೃಷ್ಟ ಇರುವುದಿಲ್ಲ. ಆದ್ದರಿಂದ ನಮ್ಮ ವಿನ್ಯಾಸ ನೋಡಿ ಯಾರೂ 'ಇವರು ಎಷ್ಟು ಚೆನ್ನಾಗಿ ಯೋಜಿಸಿದ್ದಾರೆ' ಅಂದುಕೊಳ್ಳಬೇಕಿಲ್ಲ.

ಆ ವರ್ಷದಲ್ಲೂ ಒಂದು ಕಿಂಡಿ ಉಳಿಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ಸಿಗುವುದಿಲ್ಲ, ಸಿಕ್ಕರೂ ಆ ಕಡಲಿಗೆ ಬಾಟಲಿ ಹಿಡಿದು ಹೋಗುವುದು ಹುಚ್ಚು. ಪ್ಲವಕದ ಹಸಿರು ಬಣ್ಣವಾದ ಕ್ಲೋರೋಫಿಲ್ ತೋರಿಸುವ ಉಪಗ್ರಹದ ಚಿತ್ರ ಹಾಕೋಣ ಅಂತ ಒಬ್ಬರು ಹೇಳಿದರು. ಮುಂಗಾರಿನಲ್ಲಿ ಮೋಡ, ಜೊತೆಗೆ ದಡದ ಹತ್ತಿರದ ಕೆಸರು ನೀರನ್ನು ಉಪಗ್ರಹದ ಲೆಕ್ಕಾಚಾರ ಎಷ್ಟೋ ಸಲ ಕ್ಲೋರೋಫಿಲ್ ಅಂತಲೇ ಓದಿಬಿಡುತ್ತದೆ. ನಾವು ಬ್ರೇಕ್‌ವಾಟರ್ ಅನ್ನುವ ಅಲೆ ತಡೆಗೋಡೆಯ ತುದಿಯಿಂದ ಹಗ್ಗ ಕಟ್ಟಿದ ಬಕೆಟ್ ಇಳಿಸಿ ಮೇಲ್ಪದರದ ನೀರು ಮಾತ್ರ ತೆಗೆದೆವು. ಅದು 20 ಮೀಟರ್ ಆಳದ ಜಾಗಕ್ಕೆ ಬದಲಿ ಅಲ್ಲ ಅಂತ ವರದಿಯಲ್ಲಿ ದಪ್ಪ ಅಕ್ಷರದಲ್ಲೇ ಬರೆದೆವು.

ಬೋಟಿನ ಮೇಲೆ, ಮೈಕ್ರೋಸ್ಕೋಪಿನ ಕೆಳಗೆ

ಕೆಲಸ ಹೀಗೆ. ಪ್ರತಿ ಸ್ಟೇಷನ್ನಿನಲ್ಲಿ ಮೊದಲು ಸೆಕಿ ತಟ್ಟೆ ಇಳಿಸುವುದು, ಬೋಟಿನ ನೆರಳಿನ ಕಡೆಯಿಂದ. ಬಿಳಿ ತಟ್ಟೆ ಕಣ್ಣಿಗೆ ಮರೆಯಾದ ಆಳದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಆಳದವರೆಗೆ ಪ್ಲವಕಕ್ಕೆ ಸಾಕಾಗುವ ಬೆಳಕು ಇರುತ್ತದೆ ಅನ್ನುವುದು ಒರಟು ಲೆಕ್ಕ. ತಟ್ಟೆ 4 ಮೀಟರಿನಲ್ಲಿ ಮರೆಯಾದರೆ ಬೆಳಕು 10–12 ಮೀಟರಿನವರೆಗೆ. ಕೆಸರಿನಿಂದ ಅದು 1 ಮೀಟರಿಗೆ ಬಂದರೆ 20 ಮೀಟರ್ ನೀರಿನಲ್ಲಿ ಮೇಲಿನ ಎರಡು ಮೂರು ಮೀಟರ್ ಮಾತ್ರ ದುಡಿಯುತ್ತಿದೆ ಅಂತ ಅರ್ಥ. ಐನೂರು ರೂಪಾಯಿಗೆ ಮಾಡಿಸಬಹುದಾದ ತಟ್ಟೆ ಇಷ್ಟು ಹೇಳುತ್ತದೆ.

ಆಮೇಲೆ ಬೇಕಾದ ಆಳದಲ್ಲಿ ಮುಚ್ಚಿಕೊಳ್ಳುವ ನಿಸ್ಕಿನ್ ಬಾಟಲಿಯಿಂದ ಮೇಲಿನ, ನಡುವಿನ, ತಳದ ನೀರು. ಒಂದು ಪಾಲು ಎಣಿಸಲು, ಒಂದು ಪಾಲು ಕ್ಲೋರೋಫಿಲ್‌ಗೆ, ಒಂದು ಪೋಷಕಾಂಶಕ್ಕೆ, ಒಂದು ಆಮ್ಲಜನಕಕ್ಕೆ. ಎಣಿಸುವ ನೀರಿಗೆ, ಕೋಶಗಳು ಕೆಡದಂತೆ, ಅಲ್ಲೇ ಲೂಗಾಲ್ ಅಯೋಡಿನ್ ಹಾಕಬೇಕು, ನೀರು ತಿಳಿ ಕಂದು ಆಗುವಷ್ಟು. ಫಾರ್ಮಲಿನ್ ಹಾಕಿದರೆ ಕವಚ ಇಲ್ಲದ ಡೈನೋಫ್ಲಾಜೆಲ್ಲೇಟ್‌ಗಳು ಆಕಾರ ಕೆಟ್ಟು ಗುರುತು ಸಿಗದೆ ಹೋಗುತ್ತವೆ. ಬಾಟಲಿಯನ್ನು ಕತ್ತಲಲ್ಲಿ ಇಡಬೇಕು, ತಿಂಗಳುಗಟ್ಟಲೆ ಇಟ್ಟರೆ ಬಣ್ಣ ಹೋಗುತ್ತದೆ, ಆಗ ಮತ್ತೆ ಲೂಗಾಲ್ ಹಾಕಬೇಕು. ಸಣ್ಣ ಕೆಲಸ, ಆದರೆ ಸ್ಯಾಂಪಲ್ ಕೆಡುವುದು ಜಾಸ್ತಿ ಇಲ್ಲೇ.

ಎಣಿಕೆಯಲ್ಲಿ ಒಂದು ನಿಯಮಕ್ಕೆ ಅಂಟಿಕೊಂಡೆವು. ಒಟ್ಟು 400 ಕೋಶ ಎಣಿಸುವವರೆಗೆ ಏಳಬಾರದು. 100 ಎಣಿಸಿದರೆ ತಪ್ಪಿನ ಅಂದಾಜು ಹೆಚ್ಚುಕಡಿಮೆ ಶೇ 20, 400 ಎಣಿಸಿದರೆ ಶೇ 10. ಹಳೇ ವರದಿಯಲ್ಲಿ ಎಷ್ಟು ಎಣಿಸಿದ್ದೇವೆ ಅಂತಲೇ ಬರೆದಿರಲಿಲ್ಲ. ವರದಿ ಓದುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ನನ್ನ ಅಭಿಪ್ರಾಯ.

ಸೆಪ್ಟೆಂಬರಿನ ಸ್ಯಾಂಪಲ್‌ಗಳಲ್ಲಿ ಸರಪಳಿ ಕಟ್ಟುವ ಡಯಾಟಮ್‌ಗಳದ್ದೇ ರಾಜ್ಯ. ಸ್ಕೆಲಿಟೊನೀಮಾ, ಕೀಟೊಸೆರಾಸ್, ಥಲಾಸಿಯೊಸೈರಾ. ತಳದ ನೀರಿನ ಆಮ್ಲಜನಕ ನಾವು ನಿರೀಕ್ಷಿಸಿದ್ದಕ್ಕಿಂತಲೂ ಕೆಳಗಿತ್ತು. ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ನೀರು ತಿಳಿ, ಡಯಾಟಮ್ ಕಡಿಮೆ, ಜಾತಿಗಳು ಹೆಚ್ಚು. ಬಲೆಯಲ್ಲಿ ಅಲ್ಲೊಂದು ಇಲ್ಲೊಂದು, ರಾತ್ರಿ ಹೊಳೆಯುವ ನಾಕ್ಟಿಲೂಕಾ. ಮಾರ್ಚ್–ಏಪ್ರಿಲ್‌ನಲ್ಲಿ ಮರದ ಹೊಟ್ಟು ತೇಲಿದಂತೆ ಟ್ರೈಕೊಡೆಸ್ಮಿಯಮ್ ಪಟ್ಟಿಗಳು ಬಂದುಹೋದವು, ಅದು ಈ ಕಡಲಿಗೆ ಬೇಸಿಗೆಯ ಮಾಮೂಲಿ. ಒಂದು ವರ್ಷ ಎಣಿಸಿದ ಮೇಲೆ ನಮ್ಮ ಕೈಯಲ್ಲಿದ್ದದ್ದು 'ಇಷ್ಟು' ಅನ್ನುವ ಒಂದು ನಂಬರಲ್ಲ, ಯಾವ ಕಾಲಕ್ಕೆ ಎಷ್ಟರಿಂದ ಎಷ್ಟರವರೆಗೆ ಹೋಗಬಹುದು ಅನ್ನುವ ಒಂದು ಅಂದಾಜು.

ಕೆಸರೇ ಮಾತಾಡಿದ್ದು

ನೀರನ್ನು ಮಾತ್ರ ನೋಡಿದ್ದರೆ ಅರ್ಧ ವಿಷಯ ತಪ್ಪುತ್ತಿತ್ತು. ಎತ್ತಬೇಕಾದ ಹೂಳಿನದ್ದೇ ಸ್ಯಾಂಪಲ್ ತೆಗೆಯೋಣ ಅಂತ ತಂಡದ ಕಿರಿಯರೊಬ್ಬರು ಹಟ ಹಿಡಿದರು. ಕರಾರಿನಲ್ಲಿ ಅದು ಇರಲಿಲ್ಲ, ಲೋಹ ಮತ್ತು ಎಣ್ಣೆ ಪರೀಕ್ಷೆ ಮಾತ್ರ ಇತ್ತು. ಕೊಳವೆ ಚುಚ್ಚಿ ತೆಗೆದ ಕೆಸರನ್ನು ಬೋಟಿನ ಹಲಗೆ ಮೇಲೆ ಉದ್ದಕ್ಕೆ ಸೀಳಿದಾಗ ಕಥೆ ಬದಲಾಯಿತು. ಅಳಿವೆ ಬಾಯಿಯ ಕೊಳವೆಯಲ್ಲಿ ಮೇಲಿಂದ ಕೆಳಗಿನವರೆಗೆ ಬರೀ ಬೂದು ಮರಳು, ನಡುವೆ ಚಿಪ್ಪಿನ ಚೂರು. ಬೋಟು ಕಟ್ಟುವ ಒಳಗಿನ ಜಾಗದ ಕೊಳವೆಯಲ್ಲಿ ಮೇಲೆ ತೆಳುವಾದ ಕಂದು ಪದರ, ಅದರ ಕೆಳಗೆ ಪೂರ್ತಿ ಕಪ್ಪು, ಬೆರಳಿಗೆ ಬೆಣ್ಣೆಯ ಹಾಗೆ ಹತ್ತುವ ಕೆಸರು. ಸೀಳಿದ ಕ್ಷಣಕ್ಕೆ ಕೊಳೆತ ಮೊಟ್ಟೆ ವಾಸನೆ. ಮೀನಿನ ತ್ಯಾಜ್ಯ, ಮಂಜುಗಡ್ಡೆ ಕರಗಿದ ನೀರು, ವರ್ಷಗಳ ಎಲೆ ಎಲ್ಲ ಸೇರಿ ಆದ ಕೆಸರು ಅದು.

ಯೋಜನೆಯಲ್ಲಿ ಎರಡಕ್ಕೂ 'ಹೂಳು' ಅಂತ ಒಂದೇ ಸಾಲು, ಒಂದೇ ಪ್ರಮಾಣ, ಒಂದೇ ಸುರಿಯುವ ಜಾಗ. ಎರಡೂ ಬೇರೆ ಅಂತ ಗೊತ್ತಾದ ಕೂಡಲೇ ಎಂಜಿನಿಯರ್‌ಗೂ ನಮಗೂ ನಡೆಯುತ್ತಿದ್ದ ಜಗ್ಗಾಟ ಸಡಿಲವಾಯಿತು. ಅವರಿಗೆ ಮಳೆಗಾಲ ಮುಗಿದ ಕೂಡಲೇ ತೆರವಾಗಬೇಕಿದ್ದದ್ದು ಅಳಿವೆ ಬಾಯಿ. ಅದು ಮರಳು. ಅದನ್ನು ಕಡಲಿಗೆ ಸುರಿಯುವುದೇ ಬೇಡ, ಪಕ್ಕದಲ್ಲೇ ಕೊರೆತಕ್ಕೆ ಸಿಕ್ಕಿದ ದಡಕ್ಕೆ ಹಾಕಬಹುದು. ನಾವು ಹೆದರುತ್ತಿದ್ದದ್ದು ಒಳಗಿನ ಕಪ್ಪು ಕೆಸರಿಗೆ. ಅದಕ್ಕೆ ಅವಸರವಿಲ್ಲ, ತಳದ ನೀರಿಗೆ ಮತ್ತೆ ಆಮ್ಲಜನಕ ಬಂದ ಮೇಲೆ, ಡಿಸೆಂಬರಿನಲ್ಲಿ ತೆಗೆದರೂ ನಡೆಯುತ್ತದೆ. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ನಿರ್ಧಾರ ಇದು. ಅದು ಬಂದದ್ದು ಪ್ಲವಕದ ಪಟ್ಟಿಯಿಂದಲ್ಲ, ಸೀಳಿದ ಕೊಳವೆಯಿಂದ.

ಕೆಸರಿನ ಮೇಲ್ಪದರವನ್ನು ಜರಡಿ ಹಿಡಿದು ಮಲಗಿದ ಕೋಶಗಳನ್ನೂ ಹುಡುಕಿದೆವು. ಹೆಚ್ಚಿನವು ನಿರುಪದ್ರವಿ. ಕೆಲವು ಮಾತ್ರ ಉದ್ದನೆಯ, ಪಾರದರ್ಶಕ ಕೋಶಗಳು, ಚಿಪ್ಪುಮೀನಿಗೆ ವಿಷ ಏರಿಸುವ ಅಲೆಕ್ಸಾಂಡ್ರಿಯಮ್ ಕುಲದ್ದನ್ನು ಹೋಲುವಂಥವು. ಆಕಾರ ನೋಡಿ ಜಾತಿ ಹೇಳುವುದು ಅಪಾಯ. ಬೆಳಕಿನಲ್ಲಿಟ್ಟು ಮೊಳೆಸಲು ನೋಡಿದೆವು, ಆ ಕೋಶಗಳು ಮೊಳೆಯಲಿಲ್ಲ. ಮೊಳೆಯಲಿಲ್ಲ ಅಂದರೆ ಸತ್ತಿವೆ ಅಂತಲೂ ಅಲ್ಲ, ಅವಕ್ಕೆ ಕಡ್ಡಾಯ ನಿದ್ರೆಯ ಕಾಲ ಇರುತ್ತದೆ.

ಇದನ್ನು ವರದಿಯಲ್ಲಿ ಹೇಗೆ ಬರೆಯುವುದು ಅಂತ ಬಹಳ ಚರ್ಚೆಯಾಯಿತು. 'ವಿಷಕಾರಿ ಜಾತಿ ಪತ್ತೆ' ಅಂತ ಬರೆದರೆ ಮಾರನೇ ದಿನ ಮರುವಾಯಿ ಮಾರುವವರ ಬುಟ್ಟಿ ಹಾಗೇ ಉಳಿಯುತ್ತದೆ. ಬರೆಯದಿದ್ದರೆ ತಪ್ಪಾಗುತ್ತದೆ. ಕೊನೆಗೆ 'ಅನುಮಾನಾಸ್ಪದ, ಖಚಿತವಿಲ್ಲ' ಅಂತ ಬರೆದು ಅದರ ಜೊತೆಗೇ ಮಾಡಬೇಕಾದ ಕೆಲಸವನ್ನೂ ಸೇರಿಸಿದೆವು. ಹೂಳೆತ್ತುವ ಮುಂಚೆ, ನಡುವೆ, ಆಮೇಲೆ ಅಳಿವೆಯ ಮರುವಾಯಿ ಮಾಂಸದ ವಿಷ ಪರೀಕ್ಷೆ ಆಗಬೇಕು. 100 ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ ಸ್ಯಾಕ್ಸಿಟಾಕ್ಸಿನ್ (ಪಾರ್ಶ್ವವಾಯು ತರುವ ಆ ವಿಷದ ಹೆಸರು) ಅನ್ನುವುದು ಜಗತ್ತಿನ ಹೆಚ್ಚಿನ ಕಡೆ ಬಳಸುವ ಮಿತಿ. ಅದಕ್ಕಿಂತ ಬಹಳ ಕೆಳಗೇ ಎಚ್ಚರಿಕೆ ಕೊಡಬೇಕು. ಪರೀಕ್ಷೆ ನಡೆದಷ್ಟೂ ದಿನ ಮಾಂಸದಲ್ಲಿ ವಿಷ ಸಿಗಲಿಲ್ಲ.

ಸುರಿದ ಮೇಲೆ

ಅಕ್ಟೋಬರಿನಲ್ಲಿ ಮರಳು ದಡಕ್ಕೆ ಹೋಯಿತು. ಡಿಸೆಂಬರಿನಲ್ಲಿ ಕಪ್ಪು ಕೆಸರು ಕಡಲಿಗೆ ಹೋಗತೊಡಗಿತು. ತಾಂಡೇಲರು ಹೇಳಿದ ಹಾಗೇ ಕೆಸರಿನ ಪಟ್ಟೆ ಬಡಗು ಕಡೆ ಬಾಗಿತು. ಉತ್ತರದ ಹೋಲಿಕೆಯ ಸ್ಟೇಷನ್ನಿಗೂ ಅದರ ಅಂಚು ತಾಗಿತು, ದಕ್ಷಿಣದ್ದು ಸ್ವಚ್ಛ ಉಳಿಯಿತು. ಯಾವುದೋ ಒಂದೇ ಕಡೆ ಇಟ್ಟಿದ್ದರೆ ಅದು ಸರಿಯಾದ ಕಡೆಯೇ ಆಗಿರುತ್ತಿತ್ತು ಅನ್ನುವ ಭರವಸೆ ಏನೂ ಇರಲಿಲ್ಲ.

ಎರಡನೇ ತಿರುವು ಬಂದದ್ದು ಕ್ಲೋರೋಫಿಲ್ ವಿಷಯದಲ್ಲಿ. ಸುರಿಯುವ ಜಾಗದಲ್ಲಿ ಅದು ಇಳಿಯಬೇಕಿತ್ತು. ಏರಿತು! ಬಂದರಿನ ಕಚೇರಿಯಲ್ಲಿ ಖುಷಿ. "ಹೂಳು ಹಾಕಿದ್ದಕ್ಕೆ ಪ್ಲವಕ ಚೆನ್ನಾಗಿ ಬೆಳೀತಾ ಇದೆ, ಒಳ್ಳೇದಲ್ವಾ ಸರ್?"

ಮೈಕ್ರೋಸ್ಕೋಪಿನಲ್ಲಿ ಬೇರೆಯೇ ಕಂಡಿತು. ಮೊದಲಿಗೆ ಏನೂ ಕಾಣಲೇ ಇಲ್ಲ, ಎಲ್ಲ ಕೋಶದ ಮೇಲೂ ಕೆಸರಿನ ಕಣ ಕೂತಿತ್ತು. ನೀರು ಬೆರೆಸಿ ತೆಳು ಮಾಡಿ ಮತ್ತೆ ಇಟ್ಟೆವು. ಡಿಸೆಂಬರಿನ ತೇಲುವ ಜಾತಿಗಳ ನಡುವೆ ತಳದಲ್ಲಿ ಬದುಕುವ ಡಯಾಟಮ್‌ಗಳು: ಎಸ್ ಆಕಾರಕ್ಕೆ ಬಳುಕಿದ ಪ್ಲೂರೊಸಿಗ್ಮಾ, ದೋಣಿಯಂಥ ನ್ಯಾವಿಕ್ಯುಲಾ. ಅವುಗಳಲ್ಲಿ ಬಹಳಷ್ಟು ಬರೀ ಚಿಪ್ಪು. ಲೂಗಾಲ್ ಹಾಕಿದಾಗ ಜೀವ ಇದ್ದ ಕೋಶದ ಒಳಭಾಗ ಕಂದಾಗುತ್ತದೆ, ಇವು ಗಾಜಿನ ಹಾಗೆ ಖಾಲಿ. ಕ್ಲೋರೋಫಿಲ್ ಸಾರಕ್ಕೆ ಎರಡು ಹನಿ ಆಮ್ಲ ಹಾಕಿ ಮತ್ತೆ ಅಳೆದರೆ ಜೀವಂತ ಕ್ಲೋರೋಫಿಲ್ ಎಷ್ಟು, ಕೊಳೆತದ್ದು ಎಷ್ಟು ಅಂತ ಬೇರ್ಪಡಿಸಬಹುದು. ಕೊಳೆತದ್ದರ ಪಾಲು ಸುರಿಯುವ ಜಾಗದಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಅಂದರೆ ಅಲ್ಲಿ ಏನೂ ಬೆಳೆದಿರಲಿಲ್ಲ. ಬಂದರಿನ ತಳದಿಂದ ಹಳೇ ಬಣ್ಣ ಮೇಲೆ ಬಂದಿತ್ತು ಅಷ್ಟೇ. ಆಮ್ಲದ ಆ ಹಂತ ಬಿಟ್ಟು, ಮೈಕ್ರೋಸ್ಕೋಪ್ ನೋಡದೆ, ಬರೀ ಕ್ಲೋರೋಫಿಲ್ ಮೀಟರಿನ ಅಂಕಿ ನಂಬುವ ಉಸ್ತುವಾರಿ ಯೋಜನೆಗಳು ಎಷ್ಟೋ ಇವೆ. ಅವುಗಳಲ್ಲಿ ಹೂಳು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತಿರುತ್ತದೆ.

ಅಷ್ಟರಲ್ಲೇ ಮೂರನೆಯದು. ಜನವರಿಯ ಕೊನೆಗೆ ಕಡಲು ಹಸಿರಾಯಿತು, ರಾತ್ರಿ ಅಲೆ ಒಡೆದಲ್ಲೆಲ್ಲ ನೀಲಿ ಹೊಳಪು. ನಾಕ್ಟಿಲೂಕಾ. 2020ರ ಕೊನೆಯಲ್ಲಿ ನಮ್ಮ ಕರಾವಳಿಯುದ್ದಕ್ಕೂ ಜನ ಮೊಬೈಲ್ ಹಿಡಿದು ನೋಡಲು ಹೋಗಿದ್ದರಲ್ಲ, ಅದೇ. ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಹಿಡಿದರೆ ಬೇಯಿಸಿದ ಸಾಬಕ್ಕಿಯ ಪುಟ್ಟ ಮರಿಗಳಂತೆ ಬರಿಗಣ್ಣಿಗೇ ಕಾಣುತ್ತದೆ. ಅದು ನೇರ ವಿಷಕಾರಿಯಲ್ಲ, ಆದರೆ ಡಯಾಟಮ್‌ಗಳನ್ನು ತಿಂದುಹಾಕುತ್ತದೆ, ಅಮೋನಿಯಾ ಬಿಡುತ್ತದೆ, ರಾಶಿಯಾಗಿ ಸತ್ತಾಗ ಆಮ್ಲಜನಕ ಎಳೆದುಕೊಳ್ಳುತ್ತದೆ. ಬಲೆಗೆ ಮೀನು ಬೀಳಲಿಲ್ಲ. ಕೆಸರು ಹಾಕಿದ್ದಕ್ಕೇ ಹೀಗಾಯಿತು ಅಂತ ಬಂದರಿನ ಗೇಟಿನ ಮುಂದೆ ಜನ ಸೇರಿದರು.

ಇಲ್ಲಿ ಹಿಂದಿನ ವರ್ಷದ ಎಣಿಕೆ ಕೆಲಸಕ್ಕೆ ಬಂತು. ಹೂಳೇ ಹಾಕದ ಹಿಂದಿನ ಚಳಿಗಾಲದಲ್ಲೂ ನಾಕ್ಟಿಲೂಕಾ ನಮ್ಮ ಬಲೆಯಲ್ಲಿತ್ತು. ಈ ವರ್ಷ ಅದು ಮೊದಲು ದಟ್ಟವಾದದ್ದು ದಕ್ಷಿಣದ ಸ್ಟೇಷನ್ನಿನಲ್ಲಿ, ಅಂದರೆ ನೀರು ಬರುವ ದಿಕ್ಕಿನಲ್ಲಿ, ಕೆಸರು ತಾಗದ ಕಡೆ. ಹಾಗಾಗಿ ಅದು ಶುರುವಾದದ್ದು ಹೂಳಿನಿಂದಲ್ಲ ಅಂತ ಧೈರ್ಯವಾಗಿ ಹೇಳಬಹುದಿತ್ತು. ಬಂದರಿನವರಿಗೆ ಇನ್ನೂ ಒಂದು ವಾಕ್ಯ ಬೇಕಿತ್ತು: 'ಹೂಳಿಗೂ ಇದಕ್ಕೂ ಸಂಬಂಧವಿಲ್ಲ'. ಅದನ್ನು ಬರೆದುಕೊಡಲಿಲ್ಲ. ಕೆಸರಿನಿಂದ ಬಿಡುಗಡೆಯಾದ ಅಮೋನಿಯಾ ಉತ್ತರದ ಕಡೆ ಇದನ್ನು ನಾಲ್ಕು ದಿನ ಹೆಚ್ಚು ಉಳಿಸಿತೇ ಅನ್ನುವುದನ್ನು ಬೇರ್ಪಡಿಸುವಷ್ಟು ಸ್ಯಾಂಪಲ್ ನಮ್ಮಲ್ಲಿರಲಿಲ್ಲ. 'ಶುರುವಿಗೆ ಕಾರಣ ಅಲ್ಲ, ಮುಂದುವರಿದದ್ದಕ್ಕೆ ಪಾಲಿದೆಯೇ ಎಂದು ಈ ಅಂಕಿಗಳಿಂದ ಹೇಳಲಾಗದು' ಅಂತ ಬರೆದೆವು. ಎರಡೂ ಕಡೆಯವರಿಗೆ ಸಿಟ್ಟು ಬಂತು. ಆದರೂ ಮೀನುಗಾರರ ಸಂಘದ ಹಿರಿಯರೊಬ್ಬರು ಎರಡು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಮೊದಲರ್ಧ ಒಪ್ಪಿದೆವು, ಎರಡನೇ ಅರ್ಧಕ್ಕೆ ಉತ್ತರ ಸಿಗುವವರೆಗೆ ಡ್ರೆಜ್ಜರ್ ನಿಲ್ಲಿಸಿ," ಅಂದರು. ನ್ಯಾಯವಾದ ಮಾತು. ಹಸಿರು ಹೋಗುವವರೆಗೆ ಸುರಿಯುವುದನ್ನು ನಿಲ್ಲಿಸಿದರು.

ಕೆಲಸ ಮುಗಿದ ಮೇಲೆ ಸೆಕಿ ತಟ್ಟೆಯ ಅಂತರ ಬೇಗ ಮುಚ್ಚಿಕೊಂಡಿತು, ತೇಲುವ ಪ್ಲವಕದ ಅಂತರವೂ ಬೇಸಿಗೆಯೊಳಗೆ ಹಿಂದಿನ ವರ್ಷದ ಏರಿಳಿತದ ಒಳಗೇ ಬಂತು. ನೀರು ಹರಿಯುತ್ತದೆ, ಪ್ಲವಕ ಹೊಸದಾಗಿ ಬರುತ್ತದೆ. ತಳದ ಹುಳು, ಚಿಪ್ಪುಗಳ ಕಥೆ ಬೇರೆ, ಅದು ಇನ್ನೊಂದು ತಂಡದ ಕೆಲಸ. ಅವರ ಜಾಗದಲ್ಲಿ ಇಷ್ಟು ಬೇಗ ಏನೂ ಸರಿಹೋಗಿರಲಿಲ್ಲ. ಪ್ಲವಕ ಚೇತರಿಸಿತು ಅನ್ನುವ ನಮ್ಮ ಸಾಲನ್ನು ಇಡೀ ಕಡಲು ಚೇತರಿಸಿತು ಅಂತ ಯಾರೂ ಉಲ್ಲೇಖಿಸಬಾರದು ಅಂತ ಸಾರಾಂಶದಲ್ಲೇ ಸೇರಿಸಬೇಕಾಯಿತು.

ಈಗ ವರ್ಷವರ್ಷ ನಡೆಯುವ ನಿರ್ವಹಣಾ ಹೂಳೆತ್ತುವಿಕೆಗೆ ಹೊಸ ಟೆಂಡರಿನ ಕರಡು ಬಂದಿದೆ. ಮರಳು, ಕೆಸರು ಬೇರೆ ಬೇರೆ ಸಾಲಿನಲ್ಲಿವೆ. ಹೋಲಿಕೆಯ ಸ್ಟೇಷನ್ ಎರಡೂ ಕಡೆ ಉಳಿದಿವೆ. ಕಪ್ಪು ಕೆಸರಿಗೆ ಡಿಸೆಂಬರ್ ನಂತರದ ದಿನಾಂಕವೂ ಇದೆ. ಕೆಸರಿನ ಕೋಶ ಹುಡುಕುವುದನ್ನೂ ಮರುವಾಯಿ ಪರೀಕ್ಷೆಯನ್ನೂ ಮಾತ್ರ 'ಹಿಂದಿನ ಬಾರಿ ಏನೂ ಸಿಗದ ಕಾರಣ' ಅಂತ ಕೈಬಿಟ್ಟಿದ್ದಾರೆ. ಅದರ ಮೇಲೆ ಪತ್ರ ವ್ಯವಹಾರ ನಡೆಯುತ್ತಿದೆ.